ದಿಜೋನ್‌ನ ಆರ್ಕೆಬ್ಯೂಜ್: ಗುರಿಕಾರರ ಮನೆ ಈಗ ಊರಿನ ತೋಟ

ಪ್ಯಾರಿಸ್ಸಿನ ಗಾರ್ ದ ಲಿಯೋಂ ನಿಲ್ದಾಣದಲ್ಲಿ ಟಿಜಿವಿ ಎಂಬ ವೇಗದ ರೈಲು ಹತ್ತಿದರೆ ಒಂದೂವರೆ ಗಂಟೆ ಚಿಲ್ಲರೆಯಲ್ಲಿ ಬರ್ಗಂಡಿ ಸೀಮೆಯ ದಿಜೋನ್ ಬರುತ್ತದೆ. ಬಂದವರೆಲ್ಲ ಎಡಬಲ ನೋಡದೆ ಹಳೇ ಊರಿನ ಕಡೆ ನಡೆಯುತ್ತಾರೆ. ಸಾಸಿವೆ ಅಂಗಡಿ, ಡ್ಯೂಕರ ಅರಮನೆ, ನೋತ್ರ್‌ದಾಮ್ ಚರ್ಚಿನ ಗೋಡೆಯ ಮೇಲಿರುವ ಗೂಬೆಯ ಕೆತ್ತನೆ, ಇಷ್ಟಾದರೆ ದಿಜೋನ್ ಮುಗಿಯಿತು. ನನ್ನನ್ನು ಕೇಳುವವರಿಗೆ ನಾನು ಹೇಳುವುದು ಬೇರೆ. ನಿಲ್ದಾಣದಿಂದ ಊರಿಗೆ ಬೆನ್ನು ಹಾಕಿ, ಹಳಿಗಳ ಆಚೆ ಬದಿಗೆ ಹೋಗಿ. ಐದು ನಿಮಿಷ ನಡೆದರೆ ಒಂದು ಗೇಟು ಸಿಗುತ್ತದೆ. ಒಳಗೆ ಸಸ್ಯೋದ್ಯಾನ, ನಿಸರ್ಗ ವಿಜ್ಞಾನದ ವಸ್ತುಸಂಗ್ರಹಾಲಯ, ಒಂದು ತಾರಾಲಯ. ಇಷ್ಟಕ್ಕೂ ಸೇರಿ ಇರುವ ಹೆಸರು ಮಾತ್ರ ಒಂದು ಬಂದೂಕಿನದು: ಆರ್ಕೆಬ್ಯೂಜ್.

ಕೊಡಗಿನವಳಾದ ನನಗೆ ಗಿಡಗಳ ತೋಟಕ್ಕೆ ಕೋವಿಯ ಹೆಸರು ಎಂದ ಕೂಡಲೇ ಕಿವಿ ನೆಟ್ಟಗಾಯಿತು. ಕೆಲಸದ ಮೇಲೆ ಈ ಊರಿಗೆ ಬಂದ ಹೊಸದರಲ್ಲಿ ಇದನ್ನು ಬರೀ ಪಾರ್ಕು ಎಂದುಕೊಂಡು ಓಡಾಡುತ್ತಿದ್ದೆ. ಆಮೇಲೆ ಇದರ ಚರಿತ್ರೆಯನ್ನು ಹುಡುಕಿ ಓದಿದೆ. ಈಗ ಊರಿನಿಂದ ಯಾರು ಬಂದರೂ ಮೊದಲು ಕರೆದುಕೊಂಡು ಹೋಗುವುದು ಇಲ್ಲಿಗೇ. ಈ ವಿಮರ್ಶೆಯಲ್ಲಿ ಗಿಡಗಳಿಗಿಂತ ಆ ಕೋವಿಯವರ ಬಗ್ಗೆ ಹೆಚ್ಚು ಬರೆಯುತ್ತೇನೆ. ಅವರು ಯಾರೆಂದು ತಿಳಿಯದೆ ಹೋದರೆ ಇದು ಫ್ರಾನ್ಸಿನ ಯಾವ ಊರಿನಲ್ಲಾದರೂ ಸಿಗುವ ಚೆಂದದ ಪಾರ್ಕು. ತಿಳಿದು ಹೋದರೆ ಇಂಥದ್ದು ಇನ್ನೊಂದಿಲ್ಲ ಅನ್ನಿಸುತ್ತದೆ.

ಹದಿನೈದು, ಹದಿನಾರನೇ ಶತಮಾನದ ಫ್ರೆಂಚ್ ಊರುಗಳಿಗೆ ಕೋಟೆಗೋಡೆಯೇನೋ ಇತ್ತು, ಕಾಯಲು ಸಾಮಾನ್ಯವಾಗಿ ರಾಜನ ಸೈನ್ಯ ಇರುತ್ತಿರಲಿಲ್ಲ. ಗೋಡೆ ಕಾಯುವುದು, ಬಾಗಿಲಿಗೆ ಬೀಗ ಹಾಕುವುದು, ರಾತ್ರಿ ಗಸ್ತು ತಿರುಗುವುದು, ಎಲ್ಲ ಊರಿನವರ ಪಾಲಿನ ಕೆಲಸ. 1477ರಲ್ಲಿ ಬರ್ಗಂಡಿಯ ಕೊನೆಯ ಡ್ಯೂಕ್, ಧೀರ ಚಾರ್ಲ್ಸ್, ಯುದ್ಧದಲ್ಲಿ ಸತ್ತ. ಈ ಸೀಮೆ ಫ್ರಾನ್ಸ್ ರಾಜನ ಪಾಲಾಗಿ ದಿಜೋನ್ ಗಡಿಯ ಊರಾಯಿತು. 1513ರ ಸೆಪ್ಟೆಂಬರಿನಲ್ಲಿ ಸ್ವಿಸ್ ಸೈನ್ಯ ಬಂದು ಮುತ್ತಿಗೆ ಹಾಕಿದ್ದನ್ನು ಇಲ್ಲಿಯವರು ಈಗಲೂ ನೆನೆಯುತ್ತಾರೆ. ಅಂಥ ಊರಿನಲ್ಲಿ ಗುರಿ ಇಟ್ಟು ಹೊಡೆಯಬಲ್ಲವನಿಗೆ ಎಷ್ಟು ಬೆಲೆ ಇದ್ದಿರಬೇಕು, ನೀವೇ ಯೋಚಿಸಿ.

ಹಾಗೆ ಹುಟ್ಟಿದವು ಗುರಿಕಾರರ ಸಂಘಗಳು. ಮೊದಲು ಬಿಲ್ಲಿನವರು, ಆಮೇಲೆ ಅಡ್ಡಬಿಲ್ಲಿನವರು, ಮದ್ದಿನ ಕಾಲ ಬಂದ ಮೇಲೆ ಆರ್ಕೆಬ್ಯೂಜಿನವರು. ಇವರು ಸಂಬಳದ ಸಿಪಾಯಿಗಳಲ್ಲ. ಅಂಗಡಿ ಇಟ್ಟವರು, ಕಸುಬಿನವರು, ವಕೀಲರು, ಮನೆ ಮಠ ಇದ್ದ ಗೃಹಸ್ಥರು. ತಮ್ಮನ್ನು ತಾವು 'ಆರ್ಕೆಬ್ಯೂಜ್ ಎಂಬ ಘನವಾದ ಆಟದ ಶವಾಲ್ಯೇಗಳು', ಅಂದರೆ ಅಶ್ವವೀರರು, ಎಂದು ಕರೆದುಕೊಳ್ಳುತ್ತಿದ್ದರು. ರಾಜನ ಸನ್ನದು, ಸಂಘದ ಬಾವುಟ, ಒಬ್ಬ ಕಪ್ತಾನ, ವರ್ಷಕ್ಕೊಂದು ಹಬ್ಬ ಇರುತ್ತಿದ್ದವು. ಸಂಘಕ್ಕೊಂದು ಕಾಯುವ ಸಂತ ಬೇಕೇ ಬೇಕು. ಬಿಲ್ಲಿನವರಿಗೆ ಸಂತ ಸೆಬಾಸ್ಟಿಯನ್, ಮದ್ದಿನವರಿಗೆ ಸಾಮಾನ್ಯವಾಗಿ ಸಂತ ಬಾರ್ಬರಾ. ಗುರಿ ಹೊಡೆಯುವ ಜಾಗದಲ್ಲಿ ಕೆಟ್ಟ ಮಾತಾಡಿದವನಿಗೆ, ದೇವರ ಮೇಲೆ ಆಣೆ ಇಟ್ಟವನಿಗೆ ದಂಡ ಹಾಕುವ ನಿಯಮ ಇಂಥ ಸಂಘಗಳಲ್ಲಿ ಇತ್ತು. ಕೈಯಲ್ಲಿ ಕೋವಿ ಇರುವಾಗ ನಾಲಿಗೆ ಹತೋಟಿಯಲ್ಲಿರಬೇಕು ಎನ್ನುವುದನ್ನು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮನೆಯಲ್ಲೂ ಅದೇ ಕಟ್ಟಳೆ.

ಆ ಬಂದೂಕಿನ ಬಗ್ಗೆ ನಾಲ್ಕು ಮಾತು. ಆರ್ಕೆಬ್ಯೂಜ್ ಎಂದರೆ ಉರಿಬತ್ತಿಯ ಕೋವಿ. ನಳಿಗೆಯ ಬಾಯಿಂದ ಮದ್ದು ಸುರಿದು, ಸೀಸದ ಗುಂಡು ಹಾಕಿ, ಗಜದಿಂದ ಒತ್ತಬೇಕು. ನಳಿಗೆಯ ಬುಡದ ಪಕ್ಕದಲ್ಲಿ ಒಂದು ಚಿಕ್ಕ ಬಟ್ಟಲು, ಅದರಲ್ಲಿ ಚಿಟಿಕೆ ನಯವಾದ ಮದ್ದು. ಪೆಟ್ಲುಪ್ಪಿನ ನೀರಿನಲ್ಲಿ ನೆನೆಸಿ ಒಣಗಿಸಿದ ಹುರಿಯೊಂದು ಸದಾ ಮಿಣಿಮಿಣಿ ಉರಿಯುತ್ತಿರುತ್ತದೆ. ಕುದುರೆ, ಅಂದರೆ ಬೆರಳಿನಿಂದ ಎಳೆಯುವ ಕೀಲು, ಎಳೆದರೆ ಹಾವಿನಂತೆ ಬಾಗಿದ ಕೊಂಡಿ ಆ ಹುರಿಯ ಕೆಂಡವನ್ನು ತಂದು ಬಟ್ಟಲಿಗೆ ಮುಟ್ಟಿಸುತ್ತದೆ. ಬಟ್ಟಲಿನ ಬೆಂಕಿ ಸಣ್ಣ ತೂತಿನಿಂದ ಒಳಗೆ ಹೋಗಿ ಈಡು ಹಾರುತ್ತದೆ. ಕುದುರೆ ಎಳೆಯುವುದಕ್ಕೂ ಈಡು ಹಾರುವುದಕ್ಕೂ ನಡುವೆ ಒಂದು ಗಳಿಗೆ ಇದೆಯಲ್ಲ, ಅಷ್ಟು ಹೊತ್ತೂ ಕೈ ಅಲುಗಬಾರದು. ಕಣ್ಣೆದುರೇ ಬೆಂಕಿ ಭುಗ್ಗೆಂದರೂ ರೆಪ್ಪೆ ಮುಚ್ಚಬಾರದು. ಮಳೆ ಬಂದರೆ ಬತ್ತಿ ನಂದಿತು, ಕೆಲಸ ಕೆಟ್ಟಿತು. ನಳಿಗೆಯ ಒಳಗೆ ಸಾಮಾನ್ಯವಾಗಿ ಸುರುಳಿ ಗೀರು ಇರುತ್ತಿರಲಿಲ್ಲ, ಹಾಗಾಗಿ ಗುಂಡು ದೂರ ಹೋದಷ್ಟೂ ತನಗಿಷ್ಟ ಬಂದ ಕಡೆ ತಿರುಗುತ್ತಿತ್ತು. ಇದರಲ್ಲಿ ಗುರಿ ಹೊಡೆಯುವುದನ್ನು ಆಟ ಎಂದು ಕರೆದರೂ ಅದು ವರ್ಷಗಟ್ಟಲೆ ಕೈ ಪಳಗಿಸಬೇಕಾದ ವಿದ್ಯೆ.

ಇಂಥ ಅಭ್ಯಾಸವನ್ನು ಊರ ನಡುವೆ ಮಾಡಲಾಗುವುದಿಲ್ಲ. ದಿಜೋನ್‌ನ ಸಂಘ ಹದಿನಾರನೇ ಶತಮಾನದಲ್ಲಿ ಕೋಟೆಗೋಡೆಯ ಆಚೆ, ಪಶ್ಚಿಮಕ್ಕೆ, ಊಶ್ ನದಿಯ ಕಡೆಯ ತಗ್ಗಿನಲ್ಲಿ ಜಾಗ ಹಿಡಿದದ್ದು ಅದಕ್ಕೇ. ಅಲ್ಲಿ ಗುರಿಯ ಅಂಗಳ ಮಾಡಿಕೊಂಡರು, ಸೇರಲು, ಉಣ್ಣಲು, ಸಾಮಾನು ಇಡಲು ಮನೆ ಕಟ್ಟಿಕೊಂಡರು. ಇಂದಿನ ವಸ್ತುಸಂಗ್ರಹಾಲಯ ಇರುವುದು ಅವರ ಆ ಜಾಗದಲ್ಲೇ, ಅವರ ಹಳೆಯ ಕಟ್ಟಡದಲ್ಲೇ.

ಅಪ್ಪ ಬೇಸಿಗೆಯಲ್ಲಿ ಬಂದಿದ್ದಾಗ ಕಟ್ಟಡದ ಚೆಂದ ನೋಡುವ ಗೋಜಿಗೆ ಹೋಗಲಿಲ್ಲ. ಹುಲ್ಲಿನ ಅಂಚಿಗೆ ನಿಂತು ಸುತ್ತ ಕಣ್ಣಾಡಿಸಿ, "ಇಲ್ಲಿಂದ ಹೊಡೆದರೆ ಗುಂಡು ಎಲ್ಲಿಗೆ ಹೋಗಿ ಬೀಳುತ್ತಿತ್ತು ಮಗಳೇ?" ಎಂದು ಕೇಳಿದರು. ಕೋವಿ ಹಿಡಿದು ಬೆಳೆದವರಿಗೆ ಮೊದಲು ಬರುವ ಪ್ರಶ್ನೆ ಅದೇ. ಇಂಥ ಅಂಗಳಗಳಲ್ಲಿ ಗುರಿಹಲಗೆಯ ಹಿಂದೆ ಮಣ್ಣಿನ ದಿಬ್ಬ ಹಾಕಿರುತ್ತಿದ್ದರು, ತಪ್ಪಿದ ಗುಂಡು ಅದರಲ್ಲಿ ಹೂತುಹೋಗುತ್ತಿತ್ತು ಎಂದೆ. "ಸೀಸ ಅಗ್ಗದ್ದಲ್ಲ, ಸಂಜೆ ಅಗೆದು ಹೆಕ್ಕಿರುತ್ತಾರೆ" ಅಂದರು. ನಾನು ಓದಿದ ಯಾವುದರಲ್ಲೂ ಆ ಮಾತು ಇರಲಿಲ್ಲ. ಆದರೆ ಅವರು ಹೇಳಿದ ಮೇಲೆ ಆ ಅಂಗಳ ನನಗೆ ಬೇರೆಯಾಗಿ ಕಂಡಿತು.

ವರ್ಷದ ದೊಡ್ಡ ದಿನ ಹಕ್ಕಿ ಹೊಡೆಯುವ ದಿನ. ಫ್ರಾನ್ಸಿನ ಇಂಥ ಹೆಚ್ಚಿನ ಸಂಘಗಳಲ್ಲಿ ಇದ್ದ ಆಚರಣೆ ಇದು. ಮರದಲ್ಲಿ ಕೆತ್ತಿದ ಗಿಳಿಯೊಂದನ್ನು ಎತ್ತರದ ಗಳುವಿನ ತುದಿಗೋ ಗೋಪುರದ ಮೇಲಕ್ಕೋ ಏರಿಸುತ್ತಿದ್ದರು. ಅದಕ್ಕೆ ಪಾಪ್‌ಗೇ ಎಂದು ಹೆಸರು. ಸರದಿಯಂತೆ ಹೊಡೆಯುತ್ತ ಹೋಗಿ ಯಾರು ಅದನ್ನು ಕೆಡವುತ್ತಾರೋ ಅವರು ಆ ವರ್ಷದ 'ರಾಜ'. ಮೂರು ವರ್ಷ ಸಾಲಾಗಿ ಕೆಡವಿದರೆ 'ಚಕ್ರವರ್ತಿ'. ಬಿರುದು ಬರೀ ಬಾಯಿಮಾತಿನದಲ್ಲ. ಹಲವು ಊರುಗಳಲ್ಲಿ ಆ ವರ್ಷ ರಾಜನಾದವನಿಗೆ ತೆರಿಗೆ ಮಾಫಿ. ಬ್ರಿಟನಿ ಸೀಮೆಯಲ್ಲಂತೂ ಇಷ್ಟು ಪೀಪಾಯಿ ವೈನನ್ನು ಸುಂಕ ಕಟ್ಟದೆ ಮಾರಿಕೊಳ್ಳಬಹುದು ಎಂಬ ಹಕ್ಕು ಸಿಗುತ್ತಿತ್ತು. ಒಂದೇ ಒಂದು ಈಡು ಒಂದು ಸಂಸಾರದ ವರ್ಷದ ಲೆಕ್ಕವನ್ನೇ ತಿರುಗಿಸಬಹುದಿತ್ತು.

ನಮ್ಮ ಕೊಡಗಿನ ಕೈಲ್‌ಮುಹೂರ್ತ ಹಬ್ಬ ನೋಡಿದವರಿಗೆ ಇದು ಕಣ್ಣಿಗೆ ಕಟ್ಟುತ್ತದೆ. ಸೆಪ್ಟೆಂಬರ್ ಮೊದಲ ವಾರ, ನಾಟಿ ಮುಗಿದ ಮೇಲೆ, ಮನೆಯ ಕೋವಿ ಕತ್ತಿಗಳನ್ನು ಒರೆಸಿ ಸಾಲಾಗಿ ಇಟ್ಟು, ತೋಕ್ ಪೂ ಎಂಬ ಹೂವು ಸಿಕ್ಕಿಸಿ, ಗಂಧ ಹಚ್ಚಿ ಪೂಜೆ ಮಾಡುತ್ತೇವೆ. ಊಟವಾದ ಮೇಲೆ ಊರ ಬಯಲಾದ ಮಂದ್‌ನಲ್ಲೋ ಶಾಲೆಯ ಮೈದಾನದಲ್ಲೋ ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಪಂದ್ಯ. ಅಪ್ಪ ಅದರಲ್ಲಿ ಹೆಸರು ಮಾಡಿದವರು. ಆದರೆ ಎರಡಕ್ಕೂ ಇರುವ ವ್ಯತ್ಯಾಸವನ್ನೂ ಹೇಳಬೇಕು, ನನಗೆ ಮುಖ್ಯವೆನಿಸಿದ್ದು ಅದು. ಕೊಡಗಿನಲ್ಲಿ ಕೋವಿ ಮನೆತನದ್ದು. ಜನಾಂಗ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಲೆಕ್ಕದಲ್ಲಿ 1861ರಿಂದ ಪರವಾನಗಿಯ ವಿನಾಯಿತಿ ಬಂದಿದೆ, ಈಗಲೂ ನಡೆಯುತ್ತಿದೆ. ಹುಟ್ಟಿಗೂ ಸಾವಿಗೂ ಗುಂಡು ಹಾರಿಸುವ ರೂಢಿ ಮನೆಯ ಅಂಗಳದ್ದು. ದಿಜೋನ್‌ನಲ್ಲಿ ಕೋವಿಯ ಮಾನ ಇದ್ದದ್ದು ಸಂಘಕ್ಕೆ, ಊರಿಗೆ. ಮನೆತನ ಉಳಿದರೆ ನಮ್ಮ ಕೋವಿ ಉಳಿಯುತ್ತದೆ. ಸಂಘವನ್ನು ಮುಚ್ಚಿದ ದಿನ ಅವರದ್ದು ಮುಗಿಯಿತು.

ಮುಗಿಯುವ ಮೊದಲು ಎಷ್ಟು ಗತ್ತಿನಿಂದ ಬಾಳಿದರು ಅನ್ನುವುದಕ್ಕೆ ಬೋನ್ ಊರಿನ ಜಗಳ ಸಾಕ್ಷಿ. ದಿಜೋನ್‌ನಿಂದ ದಕ್ಷಿಣಕ್ಕೆ ನಲವತ್ತು ಕಿಲೋಮೀಟರ್ ದೂರದ ಬೋನ್ ಇವತ್ತು ವೈನಿಗೆ ಹೆಸರುವಾಸಿ. ಆಗ ಊರೂರಿನ ಸಂಘಗಳು ಒಂದೆಡೆ ಸೇರಿ ಬಹುಮಾನದ ಪಂದ್ಯ ಆಡುತ್ತಿದ್ದವು. ಬಾವುಟ, ತಮಟೆ, ಮೆರವಣಿಗೆ, ದಿನಗಟ್ಟಲೆ ಊಟೋಪಚಾರ. ಹದಿನೆಂಟನೇ ಶತಮಾನದ ಆರಂಭದಲ್ಲಿ ಇಂಥ ಪಂದ್ಯದ ಪೈಪೋಟಿ ಬಿಸಿಯೇರಿದಾಗ ದಿಜೋನ್‌ನ ಕವಿ ಅಲೆಕ್ಸಿ ಪಿರೋಂ ಬೋನ್‌ನವರನ್ನು ಕತ್ತೆಗಳೆಂದು ಹೀಯಾಳಿಸಿ ಪದ್ಯ ಕಟ್ಟಿದ. ಆಮೇಲೆ ಅವನೇ ಬೋನ್‌ಗೆ ಹೋದ. ದಾರಿಯುದ್ದಕ್ಕೂ ಮುಳ್ಳುಗಿಡಗಳನ್ನು ಕಡಿಯುತ್ತ, 'ಬೋನ್‌ನವರ ಮೇವು ನಿಲ್ಲಿಸುತ್ತಿದ್ದೇನೆ' ಎಂದನಂತೆ. ಅಲ್ಲಿ ನಾಟಕದ ನಡುವೆ ಯಾರೋ 'ಸುಮ್ಮನಿರಿ, ಏನೂ ಕೇಳಿಸುತ್ತಿಲ್ಲ' ಎಂದು ಕೂಗಿದಾಗ, 'ಕಿವಿಗೇನೂ ಕಡಿಮೆ ಇಲ್ಲವಲ್ಲ' ಎಂದನಂತೆ. ಜನ ಅಟ್ಟಿಸಿಕೊಂಡು ಹೋದರು, ಅವನು ಜೀವ ಉಳಿಸಿಕೊಂಡದ್ದೇ ಹೆಚ್ಚು. ಬರ್ಗಂಡಿಯವರು ಈ ಕಥೆಯನ್ನು ಇಂದಿಗೂ ಹೇಳುತ್ತಾರೆ. ಒಂದು ಗುರಿಯ ಪಂದ್ಯ ಎರಡು ಊರುಗಳ ಮಾನದ ಮಾತಾಗಬೇಕಾದರೆ ಆ ಆಟ ಜನರ ಬದುಕಿನಲ್ಲಿ ಎಷ್ಟು ಒಳಗೆ ಇಳಿದಿತ್ತು ಎಂದು ನೋಡಿ.

ಅದೇ ಶತಮಾನದಲ್ಲಿ ಸಂಘದ ಸ್ವರೂಪ ಬದಲಾಗುತ್ತ ಬಂತು. ರಾಜನಿಗೆ ಕಾಯಂ ಸೈನ್ಯ ಬಂದ ಮೇಲೆ ಗೋಡೆ ಕಾಯುವ ಕೆಲಸ ಹೆಸರಿಗಷ್ಟೇ ಉಳಿಯಿತು. ಕಪ್ತಾನನಾದ ಮೊಂತಿನ್ಯಿ ಎಂಬ ಶ್ರೀಮಂತ ಇಲ್ಲಿ ಇಂಗ್ಲಿಷ್ ಮಾದರಿಯ ತೋಟ ಮಾಡಿಸಿದ. ನೇರ ಗೆರೆಗಳಿಲ್ಲದ, ಬಳುಕುವ ದಾರಿ, ನೀರು, ಮರಗಳ ಗುಂಪು. ಇಂದು ನೀವು ಕಾಲಿಡುವ ಮರಗಳ ಭಾಗಕ್ಕೆ ಅಡಿಪಾಯ ಅದು. ಅಂದರೆ ಇದನ್ನು ತೋಟ ಮಾಡಲು ಶುರು ಮಾಡಿದವರು ಸ್ವತಃ ಗುರಿಕಾರರೇ. ಇದು ತಿಳಿದಾಗ ನನಗೆ ನಿಜವಾಗಿ ಸಂತೋಷವಾಯಿತು. ಯಾರೋ ಬಂದು ಅವರ ನೆನಪನ್ನು ಅಳಿಸಿ ಗಿಡ ನೆಟ್ಟರು ಎಂದುಕೊಂಡೇ ಎಷ್ಟೋ ದಿನ ಓಡಾಡಿದ್ದೆ.

1789ರ ಕ್ರಾಂತಿಯ ಮರುವರ್ಷ, 1790ರಲ್ಲಿ, ಫ್ರಾನ್ಸಿನ ಗುರಿಕಾರ ಸಂಘಗಳೆಲ್ಲ ರದ್ದಾದವು. ಹೊಡೆಯಲು ಬಲ್ಲವರು ನ್ಯಾಷನಲ್ ಗಾರ್ಡ್ ಎಂಬ ಹೊಸ ನಾಗರಿಕ ಪಡೆ ಸೇರಬೇಕೆಂದಾಯಿತು. ರಾಜನ ಸನ್ನದಿನಿಂದ ಬಂದ ವಿಶೇಷ ಹಕ್ಕು ಯಾರಿಗೂ ಇರಕೂಡದು ಎಂಬ ಕಾಲದಲ್ಲಿ ತೆರಿಗೆ ಕಟ್ಟದ 'ರಾಜ' ಉಳಿಯುವ ಹಾಗಿರಲಿಲ್ಲ. ಜಾಗ ಕೊನೆಗೆ ನಗರದ ಕೈಗೆ ಬಂತು.

ಸಸ್ಯೋದ್ಯಾನ ಹುಟ್ಟಿದ್ದು ಊರಿನ ಇನ್ನೊಂದು ಮೂಲೆಯಲ್ಲಿ. ಲೆಗೂ ದ ಜೆರ್ಲಾಂ ಎಂಬ ವಿದ್ವಾಂಸ 1771ರಲ್ಲಿ ಅದನ್ನು ಶುರುಮಾಡಿ ದಿಜೋನ್ ಅಕಾಡೆಮಿ ಎಂಬ ವಿದ್ವಾಂಸರ ಸಂಸ್ಥೆಗೆ ಕೊಟ್ಟ. 1750ರಲ್ಲಿ ತತ್ವಜ್ಞಾನಿ ರೂಸೋಗೆ ಬಹುಮಾನ ಕೊಟ್ಟು ಅವನನ್ನು ಯೂರೋಪಿಗೆ ಪರಿಚಯಿಸಿದ ಅಕಾಡೆಮಿ ಅದೇ. 1833ರಲ್ಲಿ ಗಿಡಗಳು ಆರ್ಕೆಬ್ಯೂಜ್‌ಗೆ ಬಂದವು. 1836ರಲ್ಲಿ ನಿಸರ್ಗ ವಿಜ್ಞಾನಿ ಲೆಯೊನಾರ್ ನೊದೋ ವಸ್ತುಸಂಗ್ರಹಾಲಯ ಸ್ಥಾಪಿಸಿದ. ರೈಲು ಬಂದದ್ದು ಆಮೇಲೆ, 1851ರಲ್ಲಿ ಪ್ಯಾರಿಸ್‌ಗೆ ಸಂಪರ್ಕವಾಯಿತು. ಹಳಿಗಳು ಊರಿಗೂ ತೋಟಕ್ಕೂ ನಡುವೆ ಹಾದುಹೋದವು. ಪ್ರವಾಸಿಗರು ಈ ಕಡೆ ತಲೆ ಹಾಕದಿರಲು ಅದೂ ಒಂದು ಕಾರಣ ಎಂದು ನನ್ನ ಊಹೆ.

ಈಗ ಒಳಗೇನಿದೆ ಎನ್ನುವುದಕ್ಕೆ ಬರುತ್ತೇನೆ. ಉದ್ಯಾನದಲ್ಲಿ ಎರಡು ಲೋಕ. ಒಂದು ಕಡೆ ಮೊಂತಿನ್ಯಿಯ ಕಾಲದ ಧಾಟಿಯ ಮರಗಳ ನೆರಳು. ಇನ್ನೊಂದು ಕಡೆ ಕುಟುಂಬವಾರು ಪಾತಿಗಳು: ಸಾಸಿವೆಯ ಕುಟುಂಬ ಒಂದು ಸಾಲು, ದ್ವಿದಳದವು ಒಂದು ಸಾಲು, ಪ್ರತಿ ಗಿಡಕ್ಕೂ ಹೆಸರಿನ ಚೀಟಿ. ಸಸ್ಯಶಾಸ್ತ್ರ ಓದುವ ಮಕ್ಕಳಿದ್ದರೆ ಅರ್ಧ ದಿನ ಇಲ್ಲೇ ಕಳೆದೀತು. ಮೇ, ಜೂನ್ ತಿಂಗಳು ಒಳ್ಳೆಯ ಹೊತ್ತು, ಪಾತಿಗಳೂ ಗುಲಾಬಿಗಳೂ ಒಟ್ಟಿಗೇ ತುಂಬಿರುತ್ತವೆ. ಚಳಿಗಾಲದಲ್ಲಿ ಪಾತಿಗಳು ಖಾಲಿ. ಆಗ ಗಿಡ ನೋಡಲೆಂದು ಬರಬೇಡಿ, ಕಟ್ಟಡ ಮತ್ತು ಮರಗಳಿಗೆ ಬನ್ನಿ. ಎಲೆ ಉದುರಿರುವಾಗ ಹಳೆಯ ಅಂಗಳದ ಉದ್ದಗಲ ಕಣ್ಣಿಗೆ ಚೆನ್ನಾಗಿ ಸಿಗುತ್ತದೆ.

ವಸ್ತುಸಂಗ್ರಹಾಲಯದಲ್ಲಿ ತಪ್ಪಿಸಿಕೊಳ್ಳಬಾರದ್ದು ಗ್ಲಿಪ್ಟೊಡಾನ್. ದಕ್ಷಿಣ ಅಮೆರಿಕದಲ್ಲಿದ್ದು ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಅಳಿದುಹೋದ ಪ್ರಾಣಿ, ಆರ್ಮಡಿಲ್ಲೋಗಳ ಬಳಗದ್ದು. ಮೂಳೆಯ ಬಿಲ್ಲೆಗಳು ಒಂದಕ್ಕೊಂದು ಕೂಡಿ ಆದ ದೊಡ್ಡ ಗುಮ್ಮಟದಂಥ ಚಿಪ್ಪು. ಅರ್ಜೆಂಟೀನಾದಲ್ಲಿ ಸಿಕ್ಕ ಇದನ್ನು ನೌಕಾಪಡೆಯ ಅಧಿಕಾರಿ ದ್ಯುಪೊತೆ 1840ರ ದಶಕದಲ್ಲಿ ದಿಜೋನ್‌ಗೆ ಕೊಟ್ಟ. ನೊದೋ ಅದನ್ನು ಜೋಡಿಸಿ, ಅಳೆದು, ವಿವರವಾಗಿ ಬರೆದ. ಅಪ್ಪ ಅದರ ಮುಂದೆ ಬಹಳ ಹೊತ್ತು ನಿಂತರು. ಯಾವ ಗುಂಡು ಇದರ ಚಿಪ್ಪು ತೂರುತ್ತಿತ್ತು ಎಂದು ಲೆಕ್ಕ ಹಾಕುತ್ತಿದ್ದರು, ಕೇಳಿದ್ದಕ್ಕೆ ಒಪ್ಪಿಕೊಂಡರು. ಉಳಿದಂತೆ ಪ್ರಾಣಿಗಳನ್ನು ಅವುಗಳ ನೆಲೆಯ ಸಮೇತ ತೋರಿಸುವ ಗಾಜಿನ ಕೋಣೆಗಳು ಮಕ್ಕಳಿಗೆ ತುಂಬಾ ಹಿಡಿಸುತ್ತವೆ. ತಾರಾಲಯದ ಬಗ್ಗೆ ನಾನು ಹೆಚ್ಚು ಹೇಳಲಾರೆ. ಪ್ರದರ್ಶನದ ಮಾತು ಫ್ರೆಂಚ್, ಭಾಷೆ ಬಾರದವರು ಹಣ ಕೊಡುವ ಮುನ್ನ ಯೋಚಿಸಿ.

ಕೋವಿ ನೋಡಲು ಬಂದವರಿಗೆ ಒಂದು ಸ್ಪಷ್ಟ ಮಾತು: ಇದು ಆಯುಧಗಳ ಸಂಗ್ರಹಾಲಯ ಅಲ್ಲ, ನಿಸರ್ಗದ್ದು. ನಿಜವಾದ ಆರ್ಕೆಬ್ಯೂಜ್‌ಗಳನ್ನು ನೋಡಬೇಕಾದರೆ ಪ್ಯಾರಿಸ್ಸಿನ ಆಂವಾಲೀದ್‌ನಲ್ಲಿರುವ ಸೇನಾ ಸಂಗ್ರಹಾಲಯಕ್ಕೆ ಹೋಗಿ, ಉರಿಬತ್ತಿಯ ಕೊಂಡಿ ಹೇಗಿತ್ತೆಂದು ಹತ್ತಿರದಿಂದ ಕಾಣುತ್ತದೆ. ಬಿಲ್ಲಿನ ಸಂಘಗಳ ಚರಿತ್ರೆಗೆ ಪ್ಯಾರಿಸ್ಸಿನ ಉತ್ತರಕ್ಕಿರುವ ಕ್ರೆಪಿ ಆಂ ವಾಲ್ವಾ ಊರಿನ ಹಳೆಯ ಕೋಟೆಯಲ್ಲಿ ಬಿಲ್ಲುಗಾರಿಕೆಗೆಂದೇ ಒಂದು ಸಂಗ್ರಹಾಲಯ ಇದೆ. ಆ ಸೀಮೆಯ ಬಿಲ್ಲಿನ ಸಂಘಗಳು ಇಂದಿಗೂ ವರ್ಷಕ್ಕೊಮ್ಮೆ ಮರದ ಹಕ್ಕಿ ಹೊಡೆದು ರಾಜನನ್ನು ಆರಿಸುತ್ತವೆ. ಸ್ವಾಸ್ಸೋಂ ಊರಿನಲ್ಲಿ ಆರ್ಕೆಬ್ಯೂಜ್‌ನವರ ಮಂಟಪ ಉಳಿದಿದೆ. ಪ್ಯಾರಿಸ್ಸಿನ ಮಾರೇ ಬಡಾವಣೆಯಲ್ಲೂ, ರ‍್ಯಾನ್ಸ್‌ನಲ್ಲೂ ರಸ್ತೆಗಳಿಗೆ ಇವರ ಹೆಸರೇ ಇದೆ. ಗಡಿ ದಾಟಿ ಜಿನೀವಾಕ್ಕೆ ಹೋದರೆ ಆರ್ಕೆಬ್ಯೂಜ್ ಸಂಘ ಈಗಲೂ ಬದುಕಿದೆ, ಗುರಿ ಹೊಡೆಯುತ್ತಿದೆ. ಫ್ರಾನ್ಸಿನ ಕ್ರಾಂತಿ ಆ ಕಡೆಯ ಸಂಘವನ್ನು ಮುಗಿಸಲಿಲ್ಲ.

ಹಾಗಿದ್ದರೂ ದಿಜೋನ್‌ನದ್ದೇ ನನಗೆ ಹೆಚ್ಚು. ಬೇರೆ ಎಷ್ಟೋ ಊರುಗಳಲ್ಲಿ ಗುರಿಕಾರರ ಅಂಗಳ ಮನೆಗಳ ಸಾಲಾಯಿತು, ಹೆಸರು ರಸ್ತೆಯ ಫಲಕಕ್ಕೆ ಸೇರಿತು. ಇಲ್ಲಿ ಮನೆ ಉಳಿಯಿತು, ಅಂಗಳ ಉಳಿಯಿತು, ಹೆಸರೂ ಉಳಿಯಿತು. ಕೊನೆಗೆ ಯಾರೊಬ್ಬರ ಸ್ವಂತವಾಗಿಯೂ ಉಳಿಯಲಿಲ್ಲ. ಊರು ಕಾಯಲೆಂದು ಊರಿನವರು ಕೂಡಿ ಇಟ್ಟುಕೊಂಡ ಜಾಗ ಊರಿನವರಿಗೇ ಉಳಿದದ್ದು ನ್ಯಾಯ ಎಂದು ನನಗೆ ಅನಿಸುತ್ತದೆ.

ಹೋಗುವವರಿಗೆ: ಉದ್ಯಾನಕ್ಕೆ ಟಿಕೆಟ್ ಇಲ್ಲ. ವಸ್ತುಸಂಗ್ರಹಾಲಯದ ವೇಳೆಯನ್ನು ಮಾತ್ರ ಮುಂಚೆ ನೋಡಿಕೊಳ್ಳಿ, ಈ ದೇಶದಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಬಾಗಿಲು ಹಾಕುವ ರೂಢಿ ಇನ್ನೂ ಇದೆ. ವಯಸ್ಸಾದವರನ್ನು ಕರೆದುಕೊಂಡು ಬರಲು ಅಡ್ಡಿಯಿಲ್ಲ, ನೆಲ ಸಮತಟ್ಟು, ಕೂರಲು ಬೆಂಚುಗಳಿವೆ. ಮೊದಲು ಕಟ್ಟಡದ ಎದುರು ನಿಂತು ಅಂಗಳದ ಉದ್ದ ಅಳೆಯಿರಿ, ಆಮೇಲೆ ಒಳಗೆ ಹೋಗಿ ಗ್ಲಿಪ್ಟೊಡಾನ್ ನೋಡಿ, ಪಾತಿಗಳನ್ನು ಕೊನೆಗಿಟ್ಟುಕೊಳ್ಳಿ. ಎರಡು ಗಂಟೆ ಸಾಕು. ಸಂಜೆ ಸಮಯ ಉಳಿದರೆ ಬೋನ್‌ಗೆ ರೈಲು ಇದೆ, ಅರ್ಧ ಗಂಟೆಯ ದಾರಿ. ಪಿರೋಂ ಹೆಸರನ್ನು ಅಲ್ಲಿ ಎತ್ತಿ ನೋಡಿ, ವೈನ್ ಅಂಗಡಿಯ ಹಿರಿಯರು ತಮ್ಮ ಊರಿನ ಕಡೆಯ ಕಥೆ ಹೇಳುತ್ತಾರೆ.